ಅರವಟ್ಟಿಗೆಯಲ್ಲಿ ಅಂಗಡಿ

ಬೇಸಿಗೆಯಲ್ಲಿ ನಮ್ಮೂರ ದಾರಿಬದಿಯಲ್ಲಿ ಅರವಟ್ಟಿಗೆ ಇಡುವುದುಂಟು. ಅಲ್ಲೊಬ್ಬ ಮಹಾಶಯ ಬಾಯಾರಿದವನ ನಾಲಿಗೆಗೆ ಎರಡು ಹನಿ ಬಿಟ್ಟು, ‘ಉಳಿದ ನೀರಿಗೆ ಹಿಂದಿನ ಓಣಿಗೆ ಬನ್ನಿ, ಲೋಟಕ್ಕೆ ಐದು ರೂಪಾಯಿ’ ಎಂದರೆ ಹೇಗಿದ್ದೀತು? ಅಂತರಜಾಲದ ಪ್ರಶ್ನೋತ್ತರ ಬಳಗಗಳಲ್ಲಿ ಕೆಲವರು ಮಾಡುತ್ತಿರುವುದು ಇದನ್ನೇ.

ನನ್ನ ಅನುಭವವನ್ನೇ ಹೇಳುತ್ತೇನೆ. ನಮ್ಮ ತಂದೆಯವರು ತೀರಿಕೊಳ್ಳುವ ಮುನ್ನ ತಮ್ಮ ನೆನಪುಗಳನ್ನು ‘ನುಡಿ’ಯಲ್ಲಿ ಅರವತ್ತು ಪುಟ ಬೆರಳಚ್ಚು ಮಾಡಿಸಿದ್ದರು. ಹೊಸ ಗಣಕದಲ್ಲಿ ತೆರೆದರೆ ಕನ್ನಡವೇ ಇಲ್ಲ; ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಒಂದು ಬಳಗದಲ್ಲಿ ಪ್ರಶ್ನೆ ಹಾಕಿದೆ. ‘ಸರಿಪಡಿಸಬಹುದು, ಖಾಸಗಿಯಾಗಿ ಬರೆಯಿರಿ’ ಎಂದರು ಒಬ್ಬರು. ಪುಟಕ್ಕೆ ಇಪ್ಪತ್ತರಂತೆ 1,200 ರೂಪಾಯಿ ತೆತ್ತೆ. ತಿಂಗಳಾದ ಮೇಲೆ ನೆರೆಮನೆಯ ಕಾಲೇಜು ಹುಡುಗ ಗುಟ್ಟು ಬಿಡಿಸಿದ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದಿದ್ದರೆ ಹೀಗೆ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶ ಪುಕ್ಕಟೆಯಾಗಿಯೇ ಸಿಗುತ್ತದೆ!

ಹಣ ಹೋದದ್ದಕ್ಕಿಂತ, ನನ್ನ ಪ್ರಶ್ನೆಯ ಕೆಳಗೆ ಉತ್ತರದ ಜಾಗ ಖಾಲಿ ಉಳಿದದ್ದೇ ನನಗೆ ನೋವು. ನಾಳೆ ಇನ್ನೊಬ್ಬ ಮಗ ತಂದೆಯ ಬರಹ ಹಿಡಿದು ಅಲ್ಲಿಗೆ ಬಂದರೆ ಅವನಿಗೂ ಅದೇ ಗಾಳ.

‘ಸರ್ಕಾರಿ ಗುಮಾಸ್ತನಿಗೆ ದ್ರಾಕ್ಷಿ ಹುಳಿ’ ಎನ್ನುವವರಿದ್ದಾರೆ. ನಿಜ, 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 15ನೆಯ ನಿಯಮದಂತೆ ನಾನು ಮುಂಚಿತ ಅನುಮತಿಯಿಲ್ಲದೆ ಬೇರೆ ವ್ಯಾಪಾರ, ಉದ್ಯೋಗ ಮಾಡುವಂತಿಲ್ಲ. ಆದರೆ ದುಡಿಮೆಗೆ ಕೂಲಿ ಬೇಡವೆಂದು ನಾನೆಲ್ಲಿ ಹೇಳಿದೆ? ಮನೆಗೆ ಬಂದು ಗಣಕ ರಿಪೇರಿ ಮಾಡಿದವನಿಗೆ ಹಣ ಕೊಡಲೇಬೇಕು. ಕೆಲಸ ಬೇರೆ, ಉತ್ತರ ಬೇರೆ.

ಇನ್ನೊಂದು ವಾದ ಇನ್ನೂ ಗಟ್ಟಿಯಾದದ್ದು. 2008ರಲ್ಲಿ ಆರಂಭವಾದ ‘ಸ್ಟ್ಯಾಕ್ ಓವರ್‌ಫ್ಲೋ’ವನ್ನು 2021ರಲ್ಲಿ ಪ್ರೋಸಸ್ ಕಂಪನಿ ಸುಮಾರು 180 ಕೋಟಿ ಡಾಲರಿಗೆ ಕೊಂಡಿತು. ಪುಕ್ಕಟೆ ಉತ್ತರ ಬರೆದು ಅದನ್ನು ಬೆಳೆಸಿದವರಿಗೆ ಬಿಡಿಕಾಸೂ ಪಾಲಿಲ್ಲ. ಒಡೆಯ ಗಳಿಸುವಾಗ ಬರೆದವನೇಕೆ ಗಳಿಸಬಾರದು? ನ್ಯಾಯವಾದ ಪ್ರಶ್ನೆಯೇ. ಆದರೆ ಅದನ್ನು ಒಡೆಯನ ಮುಂದೆ ಕೇಳಬೇಕು. ಅವನ ಮೇಲಿನ ಸಿಟ್ಟಿಗೆ ಬಾಯಾರಿ ಬಂದವನ ಜೇಬಿಗೆ ಕೈ ಹಾಕುವುದು ಯಾವ ನ್ಯಾಯ?

ಬಹಿರಂಗವಾಗಿ ಮಾರುವ ದಾರಿಯೂ ಇತ್ತು. ಗೂಗಲ್ 2002ರಲ್ಲಿ ತೆರೆದ ‘ಗೂಗಲ್ ಆನ್ಸರ್ಸ್’ನಲ್ಲಿ ಕೇಳುವವನೇ 2ರಿಂದ 200 ಡಾಲರಿನೊಳಗೆ ಬೆಲೆ ಗೊತ್ತುಮಾಡುತ್ತಿದ್ದ, ಉತ್ತರಿಸಿದವನಿಗೆ ಮುಕ್ಕಾಲು ಪಾಲು, ಉತ್ತರ ಮಾತ್ರ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. 2006ರ ಕೊನೆಗೆ ಅದು ಹೊಸ ಪ್ರಶ್ನೆಗಳಿಗೆ ಬಾಗಿಲು ಹಾಕಿತು. ಆದರೂ ಅದು ನೇರವಾದ ಅಂಗಡಿ. ಅರವಟ್ಟಿಗೆಯ ವೇಷ ಹಾಕಿರಲಿಲ್ಲ.

ಒಂದು ಎಚ್ಚರಿಕೆ: ಖಾಸಗಿಯಾಗಿ ಕರೆದವರಲ್ಲಿ ‘ಈ ಆ್ಯಪ್ ಹಾಕಿಕೊಳ್ಳಿ, ನಿಮ್ಮ ಪರದೆ ನನಗೆ ಕಾಣಲಿ’ ಎನ್ನುವ ಕಳ್ಳರೂ ಇರುತ್ತಾರೆ. ಮಕ್ಕಳು ದೂರದಲ್ಲಿರುವ ಹಿರಿಯರು ಒಪ್ಪಲೇಬಾರದು. ಮೋಸಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಇಂಗ್ಲಿಷಿನಲ್ಲಿ ಒಬ್ಬ ಬಚ್ಚಿಟ್ಟರೆ ಇನ್ನು ಹತ್ತು ಜನ ಹೇಳಿಯಾರು. ಕನ್ನಡದಲ್ಲಿ ಹೇಳುವವರೇ ಬೆರಳೆಣಿಕೆ. ನಮ್ಮ ಸಂಘದಲ್ಲಿ ತಂತ್ರಜ್ಞರಿಗೆ ಬರವಿಲ್ಲ. ಶುಲ್ಕ ಪಡೆಯುವವರು ಬೆಲೆಯನ್ನು ಬಾಗಿಲಲ್ಲೇ ಬರೆಯಲಿ. ಉತ್ತರ ಕೊಡುವವರು ಪೂರ್ತಿಯಾಗಿ, ಎಲ್ಲರಿಗೂ ಕಾಣುವಂತೆ, ಕನ್ನಡದಲ್ಲೇ ಕೊಡಲಿ. ನನಗೆ ದೊರೆತ ಉತ್ತರವನ್ನು ಆ ಖಾಲಿ ಜಾಗದಲ್ಲಿ ನಾನೇ ಬರೆದು ಬಂದಿದ್ದೇನೆ.