ಬಾಲಿಕೆಯರ ಕಾಲೇಜು ವಿದ್ಯಾಭ್ಯಾಸವೂ ಧನಸಹಾಯವೂ

ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆಯತಕ್ಕವರು ಅನೇಕರಿದ್ದಾರೆ. ಆ ಸಂತೋಷವನ್ನು ಅವರಿಗೇ ಬಿಟ್ಟು, ಪ್ರತಿ ವರ್ಷವೂ ಬೇಸಗೆಯಲ್ಲಿ ನಮ್ಮ ಮನಸ್ಸನ್ನು ಕಲಕುವ ಒಂದು ವಿಷಯವನ್ನು ಪ್ರಿಯ ಹಳೆಯ ವಿದ್ಯಾರ್ಥಿನಿಯರ ಹಾಗೂ ತಾಯಿತಂದೆಗಳ ಮುಂದಿಡಲು ಅಪ್ಪಣೆ ಬೇಡುತ್ತೇವೆ. ಎಸ್.ಎಸ್.ಎಲ್.ಸಿ. ಫಲಿತಾಂಶವು ಪ್ರಕಟವಾದ ದಿನ ನಮ್ಮ ಅಂಗಳವು ಹರ್ಷದಿಂದ ತುಂಬಿರುತ್ತದೆ. ಕೆಲವು ದಿನಗಳು ಕಳೆಯುವಷ್ಟರಲ್ಲಿ ಅದೇ ಹುಡುಗಿಯರಲ್ಲಿ ಕೆಲವರು ವರ್ಗಾವಣೆ ಪತ್ರಕ್ಕಾಗಿ ತಾಯಿಯೊಡನೆ ಬಂದು ತಲೆತಗ್ಗಿಸಿ ನಿಲ್ಲುತ್ತಾರೆ. "ಮುಂದೆ ಎಲ್ಲಿಗೆ ಸೇರುತ್ತೀಯಮ್ಮಾ?" ಎಂದು ಕೇಳಿದರೆ ತಾಯಿಯೇ ಉತ್ತರ ಕೊಡುವಳು: "ನೋಡೋಣ ಮೇಡಂ, ದುಡ್ಡು ಒದಗಬೇಕಲ್ಲಾ."

ದುಡ್ಡಿಲ್ಲವೆಂಬುದು ಸುಳ್ಳಲ್ಲ. ನಮ್ಮ ಜೆ.ಪಿ. ನಗರದಲ್ಲಿ ಮಕ್ಕಳನ್ನು ಪರದೇಶಗಳಿಗೆ ಕಳುಹಿಸಿ ಓದಿಸುವ ಮನೆಗಳೂ ಉಂಟು. ಅವೇ ಮನೆಗಳಲ್ಲಿ ಅಡಿಗೆ ಮಾಡಿ ಪಾತ್ರೆ ತೊಳೆಯುವ ತಾಯಂದಿರೂ, ಸಾರಕ್ಕಿ ಮಾರುಕಟ್ಟೆಯಲ್ಲಿ ಹೂವು ಮಾರುವವರೂ, ಆಟೋ ನಡೆಸುವ ತಂದೆಗಳೂ ಉಂಟು. ನಮ್ಮ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿನವರು. ಆದರೆ ನಮ್ಮ ಅನುಭವದಲ್ಲಿ, ಹಣವು ಎಲ್ಲಿಯೂ ಇಲ್ಲವೆಂಬ ಕಾರಣದಿಂದ ಓದು ನಿಂತವರಿಗಿಂತಲೂ, ದೊರೆಯಬಹುದಾಗಿದ್ದ ಹಣವನ್ನು ಸಕಾಲದಲ್ಲಿ ಕೇಳದೆಹೋದ ಕಾರಣದಿಂದ ಓದು ನಿಂತವರೇ ಹೆಚ್ಚು. ಈ ದೋಷವು ಹೆತ್ತವರದು ಮಾತ್ರವಲ್ಲ, ಶಾಲೆಯದೂ ಹೌದು.

ನಮ್ಮ ತಪ್ಪನ್ನೇ ಮೊದಲು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯು ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿ, ತಾಯಿಯು ಕಿವಿಯೋಲೆಯನ್ನು ಗಿರವಿಯಿಟ್ಟು ತಂದ ಹಣದಿಂದ ಕಾಲೇಜಿಗೆ ಸೇರಿದಳು. ವಿದ್ಯಾರ್ಥಿವೇತನಕ್ಕೆ ಅರ್ಜಿಯನ್ನೂ ಹಾಕಿದಳು. ನಮ್ಮ ದಾಖಲೆಯಲ್ಲಿ ಅವಳ ಹೆಸರಿನ ಹಿಂದೆ ಒಂದಕ್ಷರ. ಆಧಾರ್ ಚೀಟಿಯಲ್ಲಿ ತಂದೆಯ ಪೂರ್ತಿ ಹೆಸರು. ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು ಬಗೆಯ ಕಾಗುಣಿತ. ಮೂರೂ ಹೊಂದಲಿಲ್ಲವೆಂದು ಅರ್ಜಿಯು ತಿರಸ್ಕೃತವಾಯಿತು. ತಿದ್ದುಪಡಿಯ ಪತ್ರಕ್ಕಾಗಿ ತಾಯಿಯು ಬಂದಾಗ ಪರೀಕ್ಷೆಯ ಕೆಲಸದ ಗಡಿಬಿಡಿಯಲ್ಲಿ "ಮುಂದಿನ ವಾರ ಬನ್ನಿರಿ" ಎಂದು ಕಳುಹಿಸಿದವರು ನಾವೇ. ಆಕೆಯು ಒಂದು ದಿನದ ಕೂಲಿಯನ್ನು ಬಿಟ್ಟು ಬಂದಿದ್ದಳೆಂಬುದು ಆಗ ನಮಗೆ ಹೊಳೆಯಲಿಲ್ಲ. ಅವಧಿಯು ಮೀರಿಹೋಯಿತು. ಎರಡನೆಯ ವರ್ಷದ ಶುಲ್ಕವನ್ನು ಕಟ್ಟಲಾರದೆ ಹುಡುಗಿಯು ಸಿದ್ಧ ಉಡುಪಿನ ಕಾರ್ಖಾನೆಯನ್ನು ಸೇರಿದಳು. ಮತ್ತೆ ಪುಸ್ತಕವನ್ನು ಹಿಡಿಯುವುದಕ್ಕೆ ಅವಳಿಗೆ ಒಂದು ವರ್ಷ ಬೇಕಾಯಿತು. ಆ ವರ್ಷವನ್ನು ನಾವು ಅವಳಿಗೆ ಹಿಂದಿರುಗಿಸಲಾರೆವು.

ಸಹಾಯವನ್ನು ಕೇಳುವುದು ಅವಮಾನವೆಂದು ಎಣಿಸುವ ಕುಟುಂಬಗಳೂ ಇವೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಮಗೆ ಹೇಳಿದ ತಂದೆಗಳುಂಟು. ಸನ್ಮಾನ್ಯ ವಿಶ್ವೇಶ್ವರಯ್ಯನವರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡರು, 1881ರಲ್ಲಿ ಬಿ.ಎ. ಪದವಿಯನ್ನು ಪಡೆದ ತರುವಾಯ ಮೈಸೂರು ಸರಕಾರದ ಸಹಾಯದಿಂದಲೇ ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತರು. ಆ ಸಹಾಯವನ್ನು ಪಡೆದುದರಿಂದ ಅವರ ಗೌರವಕ್ಕೆ ಕುಂದು ಬಂದಿತೆಂದು ಯಾರು ಹೇಳುವರು? ಅಂದಿನ ಬಡ ಹುಡುಗರಿಗೆ ವಾರಾನ್ನದ ಆಸರೆಯೂ ಇತ್ತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿ ದೊಡ್ಡವರಾದರು. ಹೆಣ್ಣುಮಕ್ಕಳಿಗೆ ಆ ದಾರಿಯೂ ಇರಲಿಲ್ಲ. ಇಂದು ಅವರಿಗೆ ತೆರೆದಿರುವ ದಾರಿಯನ್ನು ಸಂಕೋಚದಿಂದ ನಾವೇ ಮುಚ್ಚುವುದು ನ್ಯಾಯವಲ್ಲ. ವಿದ್ಯಾರ್ಥಿವೇತನವು ಭಿಕ್ಷೆಯಲ್ಲ, ಸಮಾಜವು ತನ್ನ ಮಕ್ಕಳಿಗಾಗಿ ಎತ್ತಿಟ್ಟ ಪಾಲು.

ಈ ಪಾಲು ಎಲ್ಲೆಲ್ಲಿ ಉಂಟೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಎಂಟನೆಯ ತರಗತಿಯಲ್ಲಿಯೇ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆಯಿದೆ. ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿಗಳನ್ನು ಮೀರದ ಮನೆಯ, ಸರಕಾರಿ ಅಥವಾ ಅನುದಾನಿತ ಶಾಲೆಯ ಮಕ್ಕಳು ಇದಕ್ಕೆ ಕುಳಿತುಕೊಳ್ಳಬಹುದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಲ್ಲುತ್ತದೆ. ಎಸ್.ಎಸ್.ಎಲ್.ಸಿ. ಆದಮೇಲೆ ಪರಿಶಿಷ್ಟ ವರ್ಗದವರಿಗೂ, ಹಿಂದುಳಿದವರಿಗೂ, ಕ್ರೈಸ್ತರೇ ಮೊದಲಾದ ಅಲ್ಪಸಂಖ್ಯಾತರಿಗೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿವೆ. ಇವುಗಳಿಗೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕತಕ್ಕದ್ದು. ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಸೇರುವ ಹೆಣ್ಣುಮಕ್ಕಳಿಗೆ 'ಪ್ರಗತಿ' ಎಂಬ ಯೋಜನೆಯುಂಟು. ಆದಾಯವು 8 ಲಕ್ಷವನ್ನು ಮೀರದಿದ್ದರೆ, ಒಂದು ಮನೆಯಿಂದ ಇಬ್ಬರು ಹುಡುಗಿಯರವರೆಗೆ, ಆಯ್ಕೆಯಾದವರಿಗೆ ವರ್ಷಕ್ಕೆ 50,000 ರೂಪಾಯಿ. ಪಿ.ಯು.ಸಿ.ಯಲ್ಲಿ ಬಹಳ ಮೇಲಿನ ಸ್ಥಾನವನ್ನು ಪಡೆದು ಪದವಿಗೆ ಸೇರುವವರಿಗೆ, ಆದಾಯ 4.5 ಲಕ್ಷದೊಳಗಿದ್ದರೆ, ವರ್ಷಕ್ಕೆ 12,000 ರೂಪಾಯಿ ಕೊಡುವ ಕೇಂದ್ರ ಸರಕಾರದ ವೇತನವೂ ಇದೆ. ಅಜೀಂ ಪ್ರೇಂಜಿ ವಿದ್ಯಾರ್ಥಿವೇತನವು ವರ್ಷಕ್ಕೆ 30,000 ರೂಪಾಯಿ. ಆದರೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಸರಕಾರಿ ಸಂಸ್ಥೆಗಳಲ್ಲಿ ಮುಗಿಸಿದ ಹುಡುಗಿಯರಿಗೆ ಮಾತ್ರ. ನಮ್ಮಲ್ಲಿ ಓದಿದವರಿಗೆ ಅದು ದೊರೆಯದು. ಆದರೂ ನೆರೆಮನೆಯಲ್ಲಿ ಅಂತಹ ಹುಡುಗಿಯಿದ್ದರೆ ತಪ್ಪದೆ ತಿಳಿಸಿರಿ.

ಇವೆಲ್ಲಕ್ಕೂ ಬೀಗದ ಕೈ ಕಾಗದಪತ್ರಗಳು. ನಾಡಕಚೇರಿಯ ಜಾತಿ ಮತ್ತು ಆದಾಯ ಪತ್ರಗಳ ಅವಧಿಯು ಮುಗಿದಿದೆಯೇ ಎಂಬುದನ್ನು ಫಲಿತಾಂಶಕ್ಕೆ ಮೊದಲೇ ನೋಡಿಕೊಳ್ಳಿರಿ. ಬ್ಯಾಂಕಿನ ಖಾತೆಯು ಹುಡುಗಿಯ ಹೆಸರಿನಲ್ಲಿಯೇ ಇದ್ದು, ಹಣವು ಬಂದು ಸೇರುವಂತೆ ಆಧಾರಿಗೆ ಜೋಡಣೆಯಾಗಿರಬೇಕು. ಖಾತೆಯಿದ್ದರೂ ಜೋಡಣೆಯಿಲ್ಲದೆ ಮಂಜೂರಾದ ಹಣವು ನಿಂತುಹೋಗುವುದುಂಟು. ಹೆಸರಿನ ಒಂದೊಂದಕ್ಷರವೂ ಎಲ್ಲ ಕಡೆಯೂ ಒಂದೇ ಆಗಿರಲಿ. ಸರಕಾರದ ಅರ್ಜಿಗೆ ಶುಲ್ಕವಿಲ್ಲ. ವೇತನ ಕೊಡಿಸುವೆನೆಂದು ಹಣ ಕೇಳುವವನನ್ನೂ, ದೂರವಾಣಿಯಲ್ಲಿ ಗುಪ್ತ ಸಂಖ್ಯೆಯನ್ನು ಕೇಳುವವನನ್ನೂ ನಂಬಬೇಡಿರಿ.

ಸಾಲದ ವಿಷಯದಲ್ಲಿ ಎರಡು ಮಾತು. ಸಾಲವೆಂದರೆ ಕೆಲವರು ಹೆದರಿ ಓದನ್ನೇ ಬಿಡಿಸುತ್ತಾರೆ. ಕೆಲವರು ಬಡ್ಡಿ ವ್ಯಾಪಾರಿಯ ಬಾಗಿಲಿಗೆ ಹೋಗುತ್ತಾರೆ. ಎರಡೂ ತಪ್ಪೆಂದು ನಮ್ಮ ಮತ. ಬ್ಯಾಂಕುಗಳ ವಿದ್ಯಾ ಸಾಲಕ್ಕೆ ಸಾಧಾರಣವಾಗಿ 7.5 ಲಕ್ಷದವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ತೀರಿಸುವುದೂ ಓದು ಮುಗಿದು ಒಂದು ವರ್ಷವಾದ ಮೇಲೆ. ಆದರೆ ಓದುವ ಕಾಲದಲ್ಲಿಯೂ ಬಡ್ಡಿ ಬೆಳೆಯುತ್ತದೆಂಬುದನ್ನು ಮರೆಯಬಾರದು. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಬಡ್ಡಿಯ ರಿಯಾಯಿತಿಯುಂಟು. ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಆದಕಾರಣ ಕಾಲೇಜನ್ನು ಆರಿಸುವ ಮೊದಲೇ ವಿಚಾರಿಸಿರಿ. ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚನ್ನು ಲೆಕ್ಕಿಸಬೇಕೆಂದು ನಮ್ಮ ಕರ್ತನು ಬೋಧಿಸಲಿಲ್ಲವೇ? ಪ್ರವೇಶ ಶುಲ್ಕ ಒಂದೇ ಖರ್ಚಲ್ಲ. ಬಸ್ಸು, ಪುಸ್ತಕ, ಪರೀಕ್ಷೆ, ಮಧ್ಯಾಹ್ನದ ಊಟ, ಇವೆಲ್ಲವನ್ನೂ ಮೂರು ವರ್ಷಗಳಿಗೆ ಗುಣಿಸಿ ಬರೆಯಬೇಕು. ಆ ಲೆಕ್ಕವನ್ನು ಹುಡುಗಿಯೂ ಕುಳಿತು ನೋಡಲಿ.

ಇಷ್ಟು ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಶುಲ್ಕವನ್ನು ಕಟ್ಟುವುದು ಸೇರುವ ದಿನ. ವೇತನವು ಕೈಸೇರುವುದು ಅನೇಕ ತಿಂಗಳುಗಳ ಮೇಲೆ. ಕಿವಿಯೋಲೆಗಳು ಗಿರವಿಗೆ ಹೋಗುವುದು ಈ ನಡುವಿನ ಕಾಲದಲ್ಲಿಯೇ. ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿದು: ಬಡ್ಡಿಯಿಲ್ಲದ ಒಂದು ಕೈಸಾಲದ ನಿಧಿಯನ್ನು ಕಟ್ಟೋಣ. ಮೊದಲ ಶುಲ್ಕಕ್ಕೆ ಅದರಿಂದ ಕೊಟ್ಟು, ವೇತನ ಬಂದಾಗ ಹಿಂದಕ್ಕೆ ಪಡೆದು, ಮತ್ತೊಬ್ಬಳಿಗೆ ಕೊಡೋಣ. ವೇತನವೇ ಬಾರದೆಹೋದರೆ, ಅವಳು ಸಂಪಾದಿಸುವ ದಿನದವರೆಗೂ ಕಾಯೋಣ. ಹಣ ಕೊಡಲಾರದವರು ಹೊತ್ತನ್ನು ಕೊಡಬಹುದು. ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ಇರುವ ನೀವು ಶನಿವಾರಗಳಲ್ಲಿ ಒಂದು ಗಂಟೆ ಶಾಲೆಗೆ ಬಂದು ಒಂದು ಮೇಜಿನ ಬಳಿ ಕುಳಿತರೆ ಎಷ್ಟೋ ಅರ್ಜಿಗಳು ತಪ್ಪಿಲ್ಲದೆ ಹೋಗುವುವು. ಎಂಟನೆಯ ತರಗತಿಯಿಂದಲೇ ಹೆಸರುಗಳ ದಾಖಲೆಯನ್ನು ತಾಳೆ ನೋಡುವ ಹೊಣೆಯನ್ನು ನಾವು ಹೊರುತ್ತೇವೆ.

ಮದುವೆಯಾಗಿ ಹೋಗುವ ಹುಡುಗಿಗೆ ಇಷ್ಟು ಶ್ರಮವೇಕೆಂದು ಈಗಲೂ ಕೇಳುವವರಿದ್ದಾರೆ. ಅವರಿಗೆ ಉತ್ತರ ಈ ಸಂಚಿಕೆಯ ಇತರ ಪುಟಗಳಲ್ಲಿ, ನಮ್ಮ ಹಳೆಯ ವಿದ್ಯಾರ್ಥಿನಿಯರ ಬಾಳಿನಲ್ಲಿಯೇ ಇದೆ. ತಾಯಿತಂದೆಗಳೇ, ನಮ್ಮ ಬಾಗಿಲಿಗೆ ಬನ್ನಿರಿ. "ಮುಂದಿನ ವಾರ ಬನ್ನಿರಿ" ಎಂಬ ಮಾತನ್ನು ನಾವು ಇನ್ನು ಆಡುವುದಿಲ್ಲ. ದೇವರು ನಿಮ್ಮ ಹೆಣ್ಣುಮಕ್ಕಳನ್ನು ಆಶೀರ್ವದಿಸಲಿ.