ವಾಡೆ ಉಳಿಯುವುದು ಹೇಗೆ?

ಮಿರಗದ ಮಳೆ ಹಿಡಿಯುವ ಮುಂಚೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಸೀಮೆಯಲ್ಲಿ ಹಳೆಯ ಮನೆಗಳವರು ಮಾಡಲೇಬೇಕಾದ ಕೆಲಸ ಒಂದಿದೆ. ಅದು ಮಾಳಿಗೆಗೆ ಮಣ್ಣು ಹಾಕುವುದು. ಹುಲ್ಲು ಬೆಳೆಯದ ಸವಳು ಮಣ್ಣನ್ನು ಹೊತ್ತು ತಂದು ಹರಡಬೇಕು, ತುಳಿದು ಗಟ್ಟಿ ಮಾಡಬೇಕು, ನೀರು ನಿಲ್ಲದಂತೆ ಇಳಿಜಾರು ಕೊಡಬೇಕು. ಒಂದು ವರ್ಷ ತಪ್ಪಿದರೆ ಪಡಸಾಲೆಯಲ್ಲಿ ಹನಿ ತೊಟ್ಟಿಕ್ಕುತ್ತದೆ. ಹಾಗೆಯೇ ಬಿಟ್ಟರೆ ಮೊದಲು ಜಂತಿ ಕೊಳೆಯುತ್ತದೆ, ಆಮೇಲೆ ತೊಲೆ, ಕೊನೆಗೆ ಗೋಡೆ.

ಇಂದು ಅನೇಕ ವಾಡೆಗಳಲ್ಲಿ ಆ ಮಣ್ಣು ಹೊರುವವರಿಲ್ಲ. ಮಕ್ಕಳು ಹುಬ್ಬಳ್ಳಿ, ಪುಣೆ, ಬೆಂಗಳೂರು ಸೇರಿದ್ದಾರೆ. ಮನೆ ಅಣ್ಣತಮ್ಮಂದಿರ ಪಾಲಾಗಿದೆ. ದೀಪಾವಳಿಗೆ ಎಲ್ಲರೂ ಕೂಡಿದಾಗ ಮಾತು ಅಲ್ಲಿಗೇ ಬರುತ್ತದೆ. ಕೆಡವಿ ಸ್ಲ್ಯಾಬ್ ಹಾಕೋಣ ಎನ್ನುತ್ತಾನೆ ಒಬ್ಬ. ಸಾಗವಾನಿ ಕಂಬಗಳಿಗೆ ಒಳ್ಳೆಯ ಬೆಲೆ ಬರುತ್ತದೆ ಎನ್ನುತ್ತಾನೆ ಇನ್ನೊಬ್ಬ. ಮುದುಕಿ ಅಜ್ಜಿ ಮಾತ್ರ ಸುಮ್ಮನೆ ಕಂಬಕ್ಕೆ ಒರಗಿ ಕೂತಿರುತ್ತಾಳೆ.

ದೂರದ ಫ್ರಾನ್ಸಿನಲ್ಲಿ ಇಂಥದೇ ಪ್ರಶ್ನೆ ಎದುರಿಸಿದ ಒಂದು ಆಸ್ತಿಯ ಕತೆ ಇಲ್ಲಿ ತಿಳಿಯತಕ್ಕದ್ದು. ಬೋರ್ಡೋ ಪಟ್ಟಣದ ಹತ್ತಿರದ ಶಾತೋ ಮಾರ್ಗೋ ದ್ರಾಕ್ಷಾರಸದ ಮದ್ಯಕ್ಕೆ ಹೆಸರಾದ ತೋಟ. 1855ರಲ್ಲಿಯೇ ಅದಕ್ಕೆ ಮೊದಲ ದರ್ಜೆಯ ಪಟ್ಟ ಸಿಕ್ಕಿತ್ತು. ತೋಟದ ನಡುವೆ 19ನೇ ಶತಮಾನದ ಆರಂಭದಲ್ಲಿ ಕಟ್ಟಿದ ಕಂಬಸಾಲಿನ ದೊಡ್ಡ ಮನೆ. ಆದರೆ 1970ರ ದಶಕದಲ್ಲಿ ಬೆಲೆ ಕುಸಿದು, ಒಡೆತನದ ಗಿನೆಸ್ತೆ ಕುಟುಂಬ ಕೈಸೋತಿತು. ಅಮೆರಿಕದ ಕಂಪನಿಯೊಂದು ಕೊಳ್ಳಲು ಬಂದಾಗ ಫ್ರೆಂಚ್ ಸರ್ಕಾರ ಒಪ್ಪಲಿಲ್ಲ.

1977ರಲ್ಲಿ ಅದನ್ನು ಕೊಂಡವರು ಗ್ರೀಸ್ ಮೂಲದ ಆಂದ್ರೆ ಮೆಂಟ್ಸೆಲೊಪುಲೊಸ್. ಅವರದು ಕಿರಾಣಿ ಅಂಗಡಿಗಳ ದೊಡ್ಡ ವ್ಯಾಪಾರ. ತೋಟದ ಅನುಭವ ಇರಲಿಲ್ಲ. ಮನೆಯನ್ನು ದುರಸ್ತಿ ಮಾಡಿಸಿದರು ನಿಜ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಹೊಲದಲ್ಲಿ ನಿಂತ ನೀರು ಬಸಿದು ಹೋಗಲು ಕಾಲುವೆ ತೋಡಿಸಿದರು, ಹೊಸ ಬಳ್ಳಿ ನೆಡಿಸಿದರು, ಎಮಿಲ್ ಪೆನೋ ಎಂಬ ಹೆಸರಾಂತ ತಜ್ಞರ ಸಲಹೆ ಪಡೆದರು. ಇವು ಹಾದಿಹೋಕರ ಕಣ್ಣಿಗೆ ಬೀಳುವ ಕೆಲಸಗಳಲ್ಲ. ನೆಟ್ಟ ಬಳ್ಳಿ ಒಳ್ಳೆಯ ಫಲ ಕೊಡಲು ವರ್ಷಗಳೇ ಬೇಕು. ಆ ಫಲವನ್ನು ಪೂರ್ತಿ ಕಾಣುವ ಭಾಗ್ಯ ಅವರಿಗಿರಲಿಲ್ಲ; 1980ರಲ್ಲಿ ತೀರಿಕೊಂಡರು. ಇನ್ನೂ ಮೂವತ್ತು ತುಂಬದ ಮಗಳು ಕೊರಿನ್ ಹೊಣೆ ಹೊತ್ತು, ತಂದೆ ಹಾಕಿದ ದಾರಿಯಲ್ಲೇ ನಡೆದು, ತೋಟದ ಹೆಸರನ್ನು ಮರಳಿ ತಂದರು.

ಮಾರ್ಗೋಗೆ ಹಣವಿತ್ತು, ನಮ್ಮ ವಾಡೆಗೆ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅಲ್ಲಿ ಕೈಹಾಕಿದ ಕ್ರಮವನ್ನು ಗಮನಿಸಬೇಕು. ಅಂದಕ್ಕಿಂತ ಮೊದಲು ನೀರಿನ ದಾರಿ. ನಮ್ಮಲ್ಲಿ ಆಗುವುದು ಬಹಳ ಸಲ ತಿರುವುಮುರುವು. ಮಾಳಿಗೆ ಸೋರುತ್ತಿದ್ದರೂ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ ಬಣ್ಣ ಬಳಿಸುತ್ತಾರೆ. ಮಣ್ಣಿನ ಗೋಡೆ ಹೀರಿಕೊಂಡ ತೇವ ಹೊರಗೆ ಆರಿಹೋಗಬೇಕು. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾವು ಹೊಪ್ಪಳಿಕೆಯಾಗಿ ಏಳುತ್ತದೆ. ಸುಣ್ಣದ ಗಾರೆ ಹಾಗಲ್ಲ, ತೇವವನ್ನು ಹೊರಗೆ ಬಿಡುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಬುನಾದಿಯ ಬದಿಗೆ ನೀರು ನಿಲ್ಲದಂತೆ ನೋಡುವುದು ಇನ್ನೂ ಮುಖ್ಯ.

ಎರಡನೆಯ ಮಾತು, ಮನೆಗೆ ಒಂದು ಕೆಲಸ ಇರಬೇಕು. ಇದಕ್ಕೆ ಫ್ರಾನ್ಸಿಗೆ ಹೋಗಬೇಕಾಗಿಲ್ಲ, ಕುಂದಗೋಳದ ನಾಡಿಗೇರ ವಾಡೆ ಸಾಕು. ಆಗ ಈ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಉಸ್ತಾದ್ ಅಬ್ದುಲ್ ಕರೀಂ ಖಾನರು ಇಲ್ಲಿ ಬಂದು ಉಳಿಯುತ್ತಿದ್ದರು. ನಾಡಿಗೇರರಲ್ಲಿ ಕಾರಕೂನರಾಗಿದ್ದವರ ಮಗ ರಾಮಚಂದ್ರ ಅವರ ಶಿಷ್ಯನಾಗಿ, ಮುಂದೆ ಸವಾಯಿ ಗಂಧರ್ವ ಎಂದು ನಾಡಿಗೆ ಪರಿಚಿತನಾದ. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು. ಭೀಮಸೇನ ಜೋಶಿ ಇದೇ ಊರಿನಲ್ಲಿ ಗುರುವಿನ ಮನೆಗೆ ನೀರು ಹೊತ್ತರು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಮೇಲೆ ಅವರ ಪುಣ್ಯತಿಥಿಗೆ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆದುಬಂದಿದೆ. ಹಾಡುವವರೂ ಕೇಳುವವರೂ ಬರುವ ಮನೆಯಲ್ಲಿ ಕಸ ಹೊಡೆಯಬೇಕು, ದೀಪ ಹಚ್ಚಬೇಕು, ಸೋರುವುದನ್ನು ನೋಡಿ ಸರಿಪಡಿಸಬೇಕು. ಬೀಗ ಹಾಕಿದ ಮನೆಯಲ್ಲಿ ಗೆದ್ದಲು ಹಿಡಿದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಎಲ್ಲ ವಾಡೆಗೂ ಉಸ್ತಾದರು ಬರಲಾರರು. ಆದರೆ ಪಡಸಾಲೆಯಲ್ಲಿ ಊರ ಮಕ್ಕಳ ಸಂಜೆಯ ಓದು ನಡೆಯಬಹುದು, ವಾಚನಾಲಯ ಇಡಬಹುದು. ವರ್ಷಕ್ಕೊಮ್ಮೆ ಅಣ್ಣತಮ್ಮಂದಿರು ಒಂದಿಷ್ಟು ಹಣ ಕೂಡಿಸಿ ಮಾಳಿಗೆಗಷ್ಟೇ ಎಂದು ತೆಗೆದಿಡಬಹುದು. ಕೆಡವುವುದು ಅನಿವಾರ್ಯವಾದರೂ, ಕಳಚುವ ಮೊದಲು ಒಂದೊಂದು ಕಂಬ, ತೊಲೆಗೂ ಅಂಕಿ ಬರೆದಿಟ್ಟರೆ ಮರಳಿ ನಿಲ್ಲಿಸಲು ಬರುತ್ತದೆ.

ವಿದ್ಯಾರ್ಥಿಗಳು ಈ ರಜೆಯಲ್ಲಿ ಮಾಡಬಹುದಾದದ್ದೂ ಇದೆ. ಅಳತೆಪಟ್ಟಿ ಹಿಡಿದು ಮನೆಯ ನಕ್ಷೆ ಬರೆಯಿರಿ. ಹಗೇವು ಎಲ್ಲಿತ್ತು, ಮಣ್ಣು ಯಾವ ಹಳ್ಳದಿಂದ ತರುತ್ತಿದ್ದರು, ಬಡಿಗ ಯಾವ ಊರಿನವನು ಎಂದು ಅಜ್ಜಿಯನ್ನು ಕೇಳಿ ಬರೆದಿಡಿ. ಮನೆಯ ದೊಡ್ಡವರು ಮುಂದೆ ಏನೇ ತೀರ್ಮಾನ ಮಾಡಲಿ, ಆ ಹಾಳೆ ಕೈಯಲ್ಲಿದ್ದರೆ ತಿಳಿದು ಮಾಡುತ್ತಾರೆ. ಅಜ್ಜಿ ಇರುವಾಗಲೇ ಕೇಳಬೇಕು, ಅಷ್ಟೆ.