ಕೈಗರಗಸ ಮತ್ತು ಗ್ರಾಮೀಣ ವಿದ್ಯಾರ್ಥಿ

ಕೈಗೂ ಬುದ್ಧಿಗೂ ಇರುವ ನಂಟು ಬಹು ಪ್ರಾಚೀನವಾದುದು. ಬುದ್ಧಿ ಊಹಿಸಿದುದನ್ನು ಕೈ ಪರೀಕ್ಷಿಸುತ್ತದೆ. ಕೈ ಮಾಡಿದುದನ್ನು ಬುದ್ಧಿ ತಿದ್ದುತ್ತದೆ. ಈ ನಂಟು ಸಡಿಲವಾದ ಶಿಕ್ಷಣದಿಂದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬಹುದು, ಆದರೆ ವ್ಯಕ್ತಿತ್ವ ಪೂರ್ಣವಾಗದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರು ಒಬ್ಬರು. ಅವರ ಹೆಸರಿನ ಮುಂದೆ ನಿಂತಿರುವುದು ಮನೆತನವಲ್ಲ, ಪದವಿಯೂ ಅಲ್ಲ. ಮರ ಕೆತ್ತುವ ಬಾಚಿ. ಉಪಕರಣವನ್ನೇ ಬಿರುದಾಗಿ ಹೊತ್ತ ಆ ಪರಂಪರೆಯ ನಾಡಿನಲ್ಲಿ ಇಂದು ಶಾಲೆಗೆ ಹೋಗುವ ಮಗು ಉಳಿಯನ್ನಾಗಲಿ ಗರಗಸವನ್ನಾಗಲಿ ಮುಟ್ಟದೆಯೇ ಬೆಳೆಯುತ್ತಿದೆ.

ನವಲಗುಂದ ತಾಲೂಕಿನ ತಿರ್ಲಾಪುರ ಎರೆಸೀಮೆಯ ಊರು. ಈ ಸೀಮೆಯಲ್ಲಿ ದಟ್ಟವಾದ ಕಾಡಿಲ್ಲ. ಬದುವಿನ ಕರಿಜಾಲಿ, ಮನೆಯ ಮುಂದಿನ ಬೇವು ಇವೇ ಒಕ್ಕಲುತನದ ಮರಗಳು. ನೊಗ, ಕುಂಟೆ, ಕೂರಿಗೆ, ಚಕ್ಕಡಿಯ ಗಾಲಿ ಇವೆಲ್ಲ ಬಡಿಗನ ಕೈಯಿಂದಲೇ ಬರಬೇಕಾಗಿದ್ದ ಕಾಲದಲ್ಲಿ, ಸುಗ್ಗಿಯ ರಾಶಿಯಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ಅವನ ಕೆಲಸದ ಕಟ್ಟೆ ಊರ ಮಕ್ಕಳಿಗೆ ಹಾಜರಿಯಿಲ್ಲದ ಪಾಠಶಾಲೆಯಾಗಿತ್ತು. ಟ್ರ್ಯಾಕ್ಟರು, ಕಬ್ಬಿಣದ ಕೂರಿಗೆ ಬಂದ ಮೇಲೆ ಇಂಥ ಊರುಗಳಲ್ಲಿ ಆ ಕೆಲಸ ಕುಗ್ಗಿತು. ರೈತನ ಶ್ರಮ ಹಗುರಾದುದು ಒಳ್ಳೆಯದೇ. ಆದರೆ ಮರದ ಎಳೆ ಯಾವ ದಿಕ್ಕಿಗೆ ಓಡುತ್ತದೆ, ಎಲ್ಲಿ ಸೀಳುತ್ತದೆ ಎಂಬ ತಿಳಿವು ಯಂತ್ರದೊಂದಿಗೆ ಬರಲಿಲ್ಲ. ಹಳೆಯ ಉಪಕರಣಗಳೊಂದಿಗೆ ಅದು ಅಟ್ಟ ಸೇರಿತು.

ಆ ತಿಳಿವನ್ನು ಮನೆಯ ಒಂದು ಮೂಲೆಯಲ್ಲಿ ಮತ್ತೆ ಎಚ್ಚರಗೊಳಿಸಬಲ್ಲ ಸುಲಭ ಸಾಧನವೆಂದರೆ ಫ್ರೆಟ್ ಗರಗಸ. ಬಿಲ್ಲಿನಂತೆ ಬಾಗಿದ ಚೌಕಟ್ಟು, ಅದರ ಎರಡು ತುದಿಗಳ ನಡುವೆ ಬಿಗಿದ ನೂಲಿನಂಥ ಅಲಗು. ಅಲಗಿನ ಉದ್ದ ಸುಮಾರು 5 ಅಂಗುಲ. ಇದರಿಂದ 3ರಿಂದ 6 ಮಿಲಿಮೀಟರ್ ದಪ್ಪದ ಹಲಗೆಯಲ್ಲಿ ಬೇಕಾದ ಬಳುಕಿನ ಗೆರೆಯನ್ನು ಕೊಯ್ಯಬಹುದು. ನಡುಭಾಗದ ಚಿತ್ರವನ್ನು ತೆಗೆಯಬೇಕಾದರೆ ಮೊದಲು ಬೈರಿಗೆಯಿಂದ ಸಣ್ಣ ರಂಧ್ರ ಕೊರೆದು, ಅಲಗಿನ ಒಂದು ತುದಿಯನ್ನು ಬಿಚ್ಚಿ ಅದರೊಳಗೆ ತೂರಿಸಿ, ಮತ್ತೆ ಬಿಗಿಯಬೇಕು. ಹಲ್ಲುಗಳು ಕೆಳಮುಖವಾಗಿರಬೇಕು, ಹಲಗೆಯ ದಪ್ಪದಲ್ಲಿ ಸದಾ ಮೂರು ಹಲ್ಲುಗಳಾದರೂ ಕಚ್ಚಿಕೊಂಡಿರಬೇಕು. ತಿರುವು ಬಂದಾಗ ಗರಗಸವನ್ನು ತಿರುಚದೆ ಹಲಗೆಯನ್ನೇ ಮೆಲ್ಲಗೆ ತಿರುಗಿಸಬೇಕು. ಅವಸರಪಟ್ಟವನ ಅಲಗು ತುಂಡಾಗುತ್ತದೆ. ತಾಳ್ಮೆಯ ಮೇಲೆ ಮಾಡುವ ಹತ್ತು ಉಪನ್ಯಾಸಗಳಿಗಿಂತ ತುಂಡಾದ ಒಂದು ಅಲಗು ಹೆಚ್ಚು ಕಲಿಸುತ್ತದೆ.

ವಿದ್ಯುತ್ತಿನಿಂದ ನಡೆಯುವ ಸ್ಕ್ರಾಲ್ ಗರಗಸವೂ ಇಂದು ಪೇಟೆಯಲ್ಲಿ ದೊರೆಯುತ್ತದೆ. ಅದರಲ್ಲಿ ಅಲಗು ತಾನೇ ಮೇಲೆ ಕೆಳಗೆ ಆಡುತ್ತದೆ. ಎರಡು ಕೈಗಳೂ ಹಲಗೆಯನ್ನು ನಡೆಸಲು ಬಿಡುವಾಗಿರುತ್ತವೆ. ಅದು ಉತ್ತಮ ಯಂತ್ರವೇ. ಆದರೆ ಅದರಿಂದಲೇ ಆರಂಭಿಸಬೇಕೆಂಬ ಹಟ ಸರಿಯಲ್ಲ. ಯಂತ್ರಕ್ಕೆ ಹಣ ಕೂಡುವವರೆಗೆ ಕಲಿಕೆಯನ್ನು ಮುಂದೂಡುವವನು ಕಲಿಯುವುದೇ ಇಲ್ಲ; ಯಂತ್ರ ಕೊಂಡೂ ಗೆರೆ ತಪ್ಪಿದವನು ಯಂತ್ರವನ್ನೇ ದೂರುತ್ತಾನೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಗರಗಸಕ್ಕೂ ಸಲ್ಲುತ್ತದೆ. ಕೈಗರಗಸದಲ್ಲಿ ಗೆರೆಯನ್ನು ಗೆದ್ದವನಿಗೆ ಯಂತ್ರ ಸೇವಕನಾಗುತ್ತದೆ.

ಚಿತ್ರದ ಮಾದರಿಗಳನ್ನು ದೂರದಿಂದ ತರಿಸಬೇಕಾಗಿಲ್ಲ. ಐಹೊಳೆ, ಪಟ್ಟದಕಲ್ಲುಗಳ ಚಾಲುಕ್ಯ ದೇವಾಲಯಗಳ ಜಾಲಂಧ್ರಗಳು ಬೆಳಕನ್ನು ಸೋಸುವ ಕಲ್ಲಿನ ಜಾಲರಿಗಳು. ಎಷ್ಟು ತೆಗೆದರೂ ಉಳಿದುದು ಹೇಗೆ ಒಂದಕ್ಕೊಂದು ಆತುಕೊಂಡು ನಿಲ್ಲಬೇಕೆಂಬ ಪಾಠ ಅಲ್ಲಿದೆ. ಮರದ ಜಾಲರಿಯ ಮೊದಲ ನಿಯಮವೂ ಅದೇ. ಇದೇ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ಮರ, ಅರಗು ಮತ್ತು ಕುಂಚ ಕೂಡಿ ಮಾಡಿದ ಪವಾಡ. ಮೈಸೂರಿನ ಬೀಟೆಮರದ ಕೆತ್ತುಗೂಡಿಕೆಯಂತೂ ಸಣ್ಣ ಗರಗಸದ ಕಲೆಯೇ ಸರಿ. ಕಾಗದದ ಚಿತ್ರಕ್ಕೆ ಸರಿಯಾಗಿ ಚೂರುಗಳನ್ನು ಕೊಯ್ದು, ಬೀಟೆಯ ಹಲಗೆಯಲ್ಲಿ ಅವುಗಳ ಅಳತೆಗೆ ತಗ್ಗು ತೋಡಿ ಕೂಡಿಸುತ್ತಾರೆ. 1912ರಲ್ಲಿ ಮುಗಿದ ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಬೀಟೆಯೊಳಗೆ ಕೂಡಿಸಿದ ದಂತವನ್ನು ಕಾಣಬಹುದು. 1986ರಲ್ಲಿ ಭಾರತೀಯ ಆನೆದಂತದ, 1991ರಲ್ಲಿ ಆಮದಾದ ದಂತದ ವ್ಯಾಪಾರ ನಿಷಿದ್ಧವಾಯಿತು. ಆ ಕಲೆ ಅದರಿಂದ ಅಳಿಯಲಿಲ್ಲ. ಹಳದಿ, ಬಿಳಿ, ಕೆಂಪು ಬಣ್ಣದ ಬೇರೆ ಬೇರೆ ಮರಗಳ ಚೂರುಗಳಿಂದಲೇ ಚಿತ್ರ ಬರೆಯಿತು. ಸಾಮಗ್ರಿ ಹೋದರೂ ಕೈ ಉಳಿದಿದ್ದರೆ ಕಲೆ ಉಳಿಯುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಈ ಹವ್ಯಾಸ ಗಂಡುಮಕ್ಕಳಿಗೆ ಮಾತ್ರವೆಂದು ಪಾಲಕರು ಭಾವಿಸಕೂಡದು. ದಿನವೂ ಅಂಗಳದಲ್ಲಿ ಚುಕ್ಕೆಗಳ ಸುತ್ತ ಎಳೆ ತಪ್ಪದೆ ರಂಗೋಲಿ ಬಿಡಿಸುವ ಹುಡುಗಿಯ ಕೈಯಲ್ಲಿ ಈ ವಿದ್ಯೆಯ ಅರ್ಧ ಭಾಗ ಆಗಲೇ ಇದೆ. ಹಾಗೆಯೇ ಮರಗೆಲಸವನ್ನು ಒಂದು ಜಾತಿಯ ಕಸುಬೆಂದು ಬದಿಗಿಡುವುದೂ ಸಲ್ಲದು.

ಇದರಿಂದ ಹೊಟ್ಟೆ ತುಂಬುವುದೇ ಎಂದು ಹಿರಿಯರು ಕೇಳುವುದು ಸಹಜ. ಬಹುಮಟ್ಟಿಗೆ ತುಂಬುವುದಿಲ್ಲವೆಂದು ಪ್ರಾಮಾಣಿಕವಾಗಿ ಹೇಳಬೇಕು. ಕೈಯಿಂದ ಒಂದು ಜಾಲರಿ ಕೊಯ್ಯುವಷ್ಟರಲ್ಲಿ ಲೇಸರ್ ಯಂತ್ರ ಹತ್ತಾರನ್ನು ಕೊಯ್ದು ಮುಗಿಸುತ್ತದೆ. ಗಳಿಕೆಯ ಆಸೆ ತೋರಿಸಿ ಮಕ್ಕಳನ್ನು ಇದಕ್ಕೆ ಕರೆದರೆ ನಿರಾಶೆಯೇ ಫಲ. ಇದರ ಲಾಭ ಬೇರೆಡೆ ಇದೆ: ಅಳತೆಯ ಶುದ್ಧಿ, ಕಣ್ಣಿನ ಏಕಾಗ್ರತೆ, ತಪ್ಪನ್ನು ಒಪ್ಪಿಕೊಳ್ಳುವ ವಿನಯ. ಲೆಕ್ಕದಲ್ಲಿ ತಪ್ಪಿದರೆ ಅಳಿಸಿ ಬರೆಯಬಹುದು. ಕೊಯ್ದ ಮರ ಮತ್ತೆ ಕೂಡದು.

ಗಾಂಧೀಜಿಯವರ ಮುಂದಾಳುತನದಲ್ಲಿ 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನ ಕೈಗೆಲಸವನ್ನು ಕಲಿಕೆಯ ನಡುವೆ ಇರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲೆಂದು ಸೂಚಿಸಿತು. ಅದು ಹೆಸರಿಸಿದ ಕಸುಬುಗಳಲ್ಲಿ ಬಡಿಗತನವೂ ಇದೆ. ಹತ್ತು ದಿನ ಬೀಜ ಬಿತ್ತಲು ಸಾಕು. ಬೆಳೆಸಲು ಮನೆಯೇ ಬೇಕು. ಅದಕ್ಕೆ ಗುರುವೂ ಹತ್ತಿರದಲ್ಲೇ ಇದ್ದಾನೆ. ಊರಿನ ಹಿರಿಯ ಬಡಿಗನನ್ನು ಬಾಗಿಲು ಕೆಟ್ಟಾಗ ಮಾತ್ರ ಕರೆಯದೆ ಮಗುವಿಗೆ ಗರಗಸ ಹಿಡಿಯಲು ಕಲಿಸೆಂದೂ ಕರೆದರೆ, ಆಯ ನಿಂತುಹೋದ ಕೈಗೆ ಮರ್ಯಾದೆಯಾದರೂ ಮರಳಿ ಸಂದಂತಾಗುತ್ತದೆ. ಕಲಿಸಿದ್ದಕ್ಕೆ ತಕ್ಕ ಸಂಭಾವನೆ ಕೊಡುವುದೂ ಪಾಲಕರ ಧರ್ಮ.

ಮರಕ್ಕಾಗಿ ಹಸಿ ಗಿಡ ಕಡಿಯಬೇಕಾಗಿಲ್ಲ. ಹಳೆಯ ಮಾಳಿಗೆ ಮನೆ ಕಳಚಿದಾಗ ಉಳಿಯುವ ಹಲಗೆ, ಸಾಮಾನು ತುಂಬಿ ಬಂದ ಪೆಟ್ಟಿಗೆಯ ಪ್ಲೈವುಡ್ ಸಾಕು. ಆದರೆ ಎಚ್ಚರ ತಪ್ಪಬಾರದು. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ವರ್ಗೀಕರಿಸಿತು. ಗಾಳಿಯಾಡುವ ಪಡಸಾಲೆ, ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಹಿರಿಯರೊಬ್ಬರು ಇರಲೇಬೇಕು.

ಊರೆಲ್ಲ ಬಡಿಗರಾಗಬೇಕೆಂದು ಯಾರೂ ಬಯಸುವುದಿಲ್ಲ. ಒಂದು ಮೇಜು, ಒಂದು ಗರಗಸ, ಒಂದು ಡಜನ್ ಅಲಗು, ವಾರಕ್ಕೆ ಎರಡು ತಾಸು ಇಷ್ಟೇ ಬೇಕಾದುದು. ಮರವನ್ನು ಬಲ್ಲ ಹಿರಿಯರು ಇನ್ನೂ ಊರಿನಲ್ಲಿದ್ದಾರೆ. ಅವರಿರುವಾಗಲೇ ಒಂದು ಮಗುವಾದರೂ ಅವರ ಪಕ್ಕದಲ್ಲಿ ಕುಳಿತು ಮೊದಲ ಗೆರೆಯನ್ನು ಕೊಯ್ಯಲಿ. ಅವರು ಹೋದ ಮೇಲೆ ಆ ಪಾಠವನ್ನು ಯಾವ ಪುಸ್ತಕವೂ ಹೇಳಿಕೊಡಲಾರದು.